ಬೆನ್ನುಹುರಿಯ ರಕ್ತನಾಳಗಳ ಉರಿಯೂತ: ಎರಡು ಔಷಧಗಳ ಚರಿತ್ರೆ



ಕಳೆದ ಕೆಲವು ತಿಂಗಳುಗಳಿಂದ ನಮ್ಮ ಬಂಧುವರ್ಗದಲ್ಲಿ ಒಂದೇ ವಿಷಯದ ಚರ್ಚೆ ನಡೆದಿದೆ. ನನ್ನ ತಂಗಿಯ ಮಗಳಿಗೆ ಬೆನ್ನುಹುರಿಯ ರಕ್ತನಾಳಗಳಲ್ಲಿ ಉರಿಯೂತ ಉಂಟಾಗಿದೆಯೆಂದು ವೈದ್ಯರು ನಿರ್ಣಯಿಸಿ ಚಿಕಿತ್ಸೆ ಆರಂಭಿಸಿದ್ದಾರೆ. ಮೊದಲು ಕಾಲುಗಳಲ್ಲಿ ಜೋಮು, ಬಳಿಕ ನಡಿಗೆಯಲ್ಲಿ ತಡವರಿಕೆ, ಅನಂತರ ಕೆಲವೇ ದಿನಗಳಲ್ಲಿ ಎದ್ದು ನಿಲ್ಲಲಾರದ ಸ್ಥಿತಿ. ಈಗ ಕೋಲು ಹಿಡಿದು ಮನೆಯೊಳಗೆ ಓಡಾಡುತ್ತಿದ್ದಾಳೆ ಎಂಬುದು ಸಮಾಧಾನದ ಸಂಗತಿ.

ದೂರವಾಣಿಯಲ್ಲಿಯೂ ವಾಟ್ಸಾಪ್ ಗುಂಪಿನಲ್ಲಿಯೂ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳು ಎರಡು. "ಸ್ಟೀರಾಯ್ಡ್ ಕೊಡುತ್ತಿದ್ದಾರಂತಲ್ಲ, ಅದು ಕೆಟ್ಟದ್ದಲ್ಲವೇ?" ಎಂಬುದು ಮೊದಲನೆಯದು. "ಕ್ಯಾನ್ಸರ್ ಇಲ್ಲದ ಹುಡುಗಿಗೆ ಕ್ಯಾನ್ಸರ್ ಔಷಧಿ ಏಕೆ?" ಎಂಬುದು ಎರಡನೆಯದು. ಅವಳ ಮುಖ ಊದಿಕೊಂಡಿರುವುದನ್ನು ಕಂಡ ಕೆಲವು ಹಿರಿಯರಂತೂ, ಮಾತ್ರೆಗಳನ್ನೆಲ್ಲ ಒಮ್ಮೆಲೇ ನಿಲ್ಲಿಸಿ ಎಣ್ಣೆ ತಿಕ್ಕಿಸುವುದೇ ಲೇಸು ಎಂದು ಸಲಹೆ ಕೊಟ್ಟಿದ್ದಾರೆ. ಅವರ ಮಾತಿನ ಹಿಂದಿರುವುದು ಪ್ರೀತಿಯೇ ಹೊರತು ಬೇರೇನಲ್ಲ. ಆದರೆ ಆ ಸಲಹೆಯಂತೆ ನಡೆದರೆ ಅವಳ ಜೀವಕ್ಕೇ ಅಪಾಯ.

ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ಇತಿಹಾಸ ಕಲಿಸಿದವನು. ಯಾವುದೇ ವಸ್ತು ಏಕೆ ಹೀಗಿದೆ ಎಂದು ತಿಳಿಯಬೇಕಾದರೆ ಅದು ಹೇಗೆ ಬಂತು ಎಂದು ಕೇಳುವುದು ನನ್ನ ಅಭ್ಯಾಸ. ಆ ದೃಷ್ಟಿಯಿಂದ ಓದುತ್ತ ಹೋದಾಗ, ನಮ್ಮವರ ಎರಡೂ ಪ್ರಶ್ನೆಗಳಿಗೆ ಉತ್ತರ ಇಪ್ಪತ್ತನೆಯ ಶತಮಾನದ ಇತಿಹಾಸದಲ್ಲಿಯೇ ದೊರೆಯಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದಕ್ಕಾಗಿ ಈ ಲೇಖನ.

ಬೆನ್ನುಹುರಿಗೆ ರಕ್ತ ಬರುವ ದಾರಿ

ಮೊದಲು ಸ್ವಲ್ಪ ಅಂಗರಚನೆ. ಬೆನ್ನುಹುರಿಯು ಸುಮಾರು 45 ಸೆಂಟಿಮೀಟರ್ ಉದ್ದದ, ಕಿರುಬೆರಳಿನಷ್ಟು ದಪ್ಪದ ನರಗಳ ಹಗ್ಗ. ಕಾಲುಗಳ ಚಲನೆ, ಸ್ಪರ್ಶಜ್ಞಾನ, ಮಲಮೂತ್ರಗಳ ಹತೋಟಿ ಇವೆಲ್ಲವೂ ಅದರ ಮೂಲಕವೇ ಸಾಗಬೇಕು. ಇದರ ಮುಂಭಾಗದ ಸುಮಾರು ಮೂರನೇ ಎರಡು ಪಾಲಿಗೆ ರಕ್ತ ಒದಗಿಸುವುದು ಉದ್ದಕ್ಕೂ ಇಳಿದುಬರುವ ಒಂದೇ ಒಂದು ಅಪಧಮನಿ. ಹಿಂಭಾಗಕ್ಕೆ ಎರಡು ಸಣ್ಣ ಅಪಧಮನಿಗಳಿವೆ. ನಾಲೆಗೆ ಅಲ್ಲಲ್ಲಿ ಹಳ್ಳಗಳು ಬಂದು ಸೇರುವಂತೆ ಈ ನಾಳಗಳಿಗೆ ಪಕ್ಕದಿಂದ ಕೆಲವು ಕವಲುಗಳು ಬಂದು ಸೇರುತ್ತವೆ. ಅವುಗಳಲ್ಲಿ ಅತಿ ದೊಡ್ಡದಾದ ಕವಲು ಬಹುಮಂದಿಯಲ್ಲಿ ಎದೆಯ ಕೆಳಭಾಗ ಅಥವಾ ಸೊಂಟದ ಮೇಲ್ಭಾಗದ ಮಟ್ಟದಲ್ಲಿ, ಎಡಗಡೆಯಿಂದ ಬರುತ್ತದೆ. ಕ್ರಾಕೋವ್ ನಗರದಲ್ಲಿ ಪ್ರಾಧ್ಯಾಪಕನಾಗಿದ್ದ ಆಲ್ಬರ್ಟ್ ಆಡಮ್‌ಕೀವಿಚ್ ಎಂಬ ವಿಜ್ಞಾನಿ 1881 ಮತ್ತು 1882ರಲ್ಲಿ ಬೆನ್ನುಹುರಿಯ ರಕ್ತನಾಳಗಳನ್ನು ವಿವರವಾಗಿ ಚಿತ್ರಿಸಿ ಪ್ರಕಟಿಸಿದನು. ಆ ದೊಡ್ಡ ಕವಲಿಗೆ ಇಂದಿಗೂ ಅವನದೇ ಹೆಸರು.

ಇಷ್ಟು ತಿಳಿದರೆ ಉಳಿದದ್ದು ಸುಲಭ. ಉರಿಯೂತ ಬಂದಾಗ ನಾಳದ ಗೋಡೆ ಊದಿಕೊಳ್ಳುತ್ತದೆ, ಒಳದಾರಿ ಕಿರಿದಾಗುತ್ತದೆ, ಕೆಲವೊಮ್ಮೆ ರಕ್ತ ಹೆಪ್ಪುಗಟ್ಟಿ ದಾರಿಯೇ ಮುಚ್ಚುತ್ತದೆ. ನಾಲೆಯ ನೀರು ನಿಂತರೆ ಕೊನೆಯ ಗದ್ದೆ ಒಣಗುವಂತೆ, ಅಲ್ಲಿಂದ ಮುಂದಿನ ನರಭಾಗ ಸೊರಗುತ್ತದೆ. ಪೈರಿಗಾದರೂ ಕೆಲವು ದಿನಗಳ ಗಡುವಿದೆ. ನರಗಳಿಗೆ ರಕ್ತ ಪೂರ್ತಿ ನಿಂತರೆ ಗಡುವು ಕೆಲವೇ ನಿಮಿಷ, ಗಂಟೆಗಳದ್ದು. ಸತ್ತುಹೋದ ನರಕೋಶ ಮತ್ತೆ ಚಿಗುರುವುದಿಲ್ಲ. ಆದುದರಿಂದಲೇ ವೈದ್ಯರು ಆ ರಾತ್ರಿಯೇ ಚಿಕಿತ್ಸೆ ಆರಂಭಿಸಬೇಕೆಂದು ಅವಸರಪಡಿಸಿದ್ದು.

ಹೆಸರು ದೊರೆಯಿತು, ಮದ್ದು ದೊರೆಯಲಿಲ್ಲ

ರಕ್ತನಾಳಗಳ ಉರಿಯೂತವನ್ನು ಪ್ರತ್ಯೇಕ ರೋಗವೆಂದು ಸ್ಪಷ್ಟವಾಗಿ ಗುರುತಿಸಿದ ಕೀರ್ತಿ ಜರ್ಮನಿಯ ಫ್ರೈಬರ್ಗ್‌ನ ಆಡಾಲ್ಫ್ ಕುಸ್‌ಮೌಲ್ ಮತ್ತು ರುಡಾಲ್ಫ್ ಮೈಯರ್ ಅವರಿಗೆ ಸಲ್ಲುತ್ತದೆ. ಅವರ ಬಳಿಗೆ ಬಂದವನು 27 ವರ್ಷದ ಒಬ್ಬ ದರ್ಜಿ. ಮೈಕೈ ನೋವು, ಕೈಕಾಲುಗಳಲ್ಲಿ ಬಲಹೀನತೆ, ಮರಗಟ್ಟುವಿಕೆ. ಸುಮಾರು ಒಂದು ತಿಂಗಳಲ್ಲಿ ಆತ ತೀರಿಕೊಂಡನು. ಶವಪರೀಕ್ಷೆ ಮಾಡಿದಾಗ ಅವನ ಅಪಧಮನಿಗಳ ಉದ್ದಕ್ಕೂ ಸಣ್ಣ ಗಂಟುಗಳು ಕಾಣಿಸಿದವು. 1866ರಲ್ಲಿ ಅವರು ಈ ರೋಗಕ್ಕೆ 'ಪೆರಿಆರ್ಟರೈಟಿಸ್ ನೋಡೋಸಾ' ಎಂದು ಹೆಸರಿಟ್ಟರು. ಮುಂದೆ ಎಂಬತ್ತು ವರ್ಷಗಳ ಕಾಲ ಇಂತಹ ರೋಗಿಗಳಿಗೆ ವೈದ್ಯರು ಕೊಡಲು ಸಾಧ್ಯವಾದದ್ದು ಬಹುಪಾಲು ಆ ಹೆಸರೊಂದೇ.

ಬೆನ್ನುಹುರಿಯ ಮಟ್ಟಿಗೆ ಅಂದು ಹೆಚ್ಚಾಗಿ ಕಂಡುಬರುತ್ತಿದ್ದುದು ಸೋಂಕಿನಿಂದ ಬರುವ ಉರಿಯೂತ. ಅದರಲ್ಲಿಯೂ ಸಿಫಿಲಿಸ್, ನಮ್ಮ ಹಿರಿಯರು ಪರಂಗಿ ಹುಣ್ಣು ಎನ್ನುತ್ತಿದ್ದ ರೋಗ. ಅದು ಮಿದುಳಿನ ಅಪಧಮನಿಗಳನ್ನು ಕೆಡಿಸುವ ಬಗೆಯನ್ನು ಓಟ್ಟೋ ಹ್ಯೂಬ್ನರ್ 1874ರಲ್ಲಿ ವಿವರಿಸಿದನು. ಅದೇ ರೋಗದಿಂದ ಬೆನ್ನುಹುರಿ ಕೆಟ್ಟು ಕಾಲುಗಳು ಸೆಡೆತುಕೊಳ್ಳುವುದನ್ನು ವಿಲ್‌ಹೆಲ್ಮ್ ಎರ್ಬ್ 1892ರಲ್ಲಿ ಬರೆದನು. ಚಿಕಿತ್ಸೆಯೆಂದರೆ ಪಾದರಸದ ಲೇಪ. ಅದರಿಂದ ಹಲ್ಲುಗಳು ಉದುರುತ್ತಿದ್ದವು, ಮೂತ್ರಪಿಂಡಗಳು ಕೆಡುತ್ತಿದ್ದವು. 1910ರಲ್ಲಿ ಪೌಲ್ ಎರ್ಲಿಖ್‌ನ ಸಾಲ್ವರ್ಸನ್ ಬಳಕೆಗೆ ಬಂತು. 1943ರಲ್ಲಿ ಅಮೆರಿಕದ ಜಾನ್ ಮಹೋನಿಯವರು ಪೆನಿಸಿಲಿನ್‌ನಿಂದ ಸಿಫಿಲಿಸ್ ಗುಣವಾಗುವುದೆಂದು ತೋರಿಸಿದರು. ಕ್ಷಯದಿಂದ ಮಿದುಳು ಮತ್ತು ಬೆನ್ನುಹುರಿಯ ಪೊರೆ ಉರಿಗೊಂಡು ಅಲ್ಲಿಯ ರಕ್ತನಾಳಗಳೂ ಕೆಡುವುದುಂಟು. ಅದಕ್ಕೆ 1944ರಲ್ಲಿ ಪ್ರಕಟವಾದ ಸ್ಟ್ರೆಪ್ಟೋಮೈಸಿನ್ ಮೊದಲ ಮದ್ದಾಯಿತು.

ಇಲ್ಲಿ ಒಂದು ಮಾತು. "ಸೊಂಟಕ್ಕೆ ಸೂಜಿ ಹಾಕಿ ನೀರು ತೆಗೆದರಂತೆ, ಏಕೆ?" ಎಂದು ನಮ್ಮ ಅತ್ತಿಗೆಯವರು ಕೇಳಿದ್ದರು. ಆ ವಿಧಾನವನ್ನು ಹೆನ್ರಿಕ್ ಕ್ವಿಂಕೆ ಎಂಬ ಜರ್ಮನ್ ವೈದ್ಯನು 1891ರಲ್ಲಿ ಪ್ರಕಟಿಸಿದನು. ಆ ನೀರಿನಲ್ಲಿ ಕ್ಷಯದ ಅಥವಾ ಬೇರೆ ಸೋಂಕಿನ ಸುಳಿವಿದೆಯೇ ಎಂದು ನೋಡುವುದು ಅತ್ಯಗತ್ಯ. ಸೋಂಕು ಇದ್ದರೆ ಅದನ್ನು ಕೊಲ್ಲುವ ಔಷಧ ಮೊದಲು ಬೇಕು. ಸೋಂಕನ್ನು ಹಾಗೆಯೇ ಬಿಟ್ಟು ದೇಹದ ರಕ್ಷಣಾಶಕ್ತಿಯನ್ನು ಮಾತ್ರ ತಗ್ಗಿಸಿದರೆ ಅನಾಹುತ. ಕ್ಷಯ ಇನ್ನೂ ತೊಲಗದ ನಮ್ಮ ದೇಶದಲ್ಲಿ ಈ ಎಚ್ಚರಿಕೆ ಮತ್ತಷ್ಟು ಮುಖ್ಯ.

ಆದರೆ ಯಾವ ರೋಗಾಣುವೂ ಇಲ್ಲದೆ, ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ತಮ್ಮ ದೇಹದ ರಕ್ತನಾಳದ ಮೇಲೆ ದಂಡೆತ್ತಿ ಬಂದರೆ? ನನ್ನ ಸೋದರ ಸೊಸೆಯ ರೋಗ ಈ ಬಗೆಯದು. ಇದಕ್ಕೆ ಪಾದರಸವಾಗಲಿ ಪೆನಿಸಿಲಿನ್ ಆಗಲಿ ಉತ್ತರವಾಗಿರಲಿಲ್ಲ.

ಮೊದಲ ಪ್ರಶ್ನೆ: ಸ್ಟೀರಾಯ್ಡ್ ಏಕೆ?

ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ಸಂಧಿವಾತ ತಜ್ಞರಿದ್ದರು. 1929ರಲ್ಲಿ ಅವರು ಒಂದು ವಿಚಿತ್ರವನ್ನು ಗಮನಿಸಿದರು. ಕೀಲುಗಳ ಉರಿಯೂತದಿಂದ ನರಳುತ್ತಿದ್ದ ರೋಗಿಯೊಬ್ಬನಿಗೆ ಕಾಮಾಲೆ ಬಂದಾಗ ಕೀಲುನೋವು ಮಾಯವಾಯಿತು. ಗರ್ಭಿಣಿಯರಲ್ಲಿಯೂ ಹೀಗೆಯೇ ಆಗುವುದುಂಟು. ಹಾಗಾದರೆ ದೇಹವೇ ಉರಿಯೂತವನ್ನು ಶಮನಗೊಳಿಸುವ ಯಾವುದೋ ವಸ್ತುವನ್ನು ತಯಾರಿಸುತ್ತಿರಬೇಕು ಎಂದು ಹೆಂಚ್ ತರ್ಕಿಸಿದರು.

ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಾಲ್ ಎಂಬ ರಸಾಯನಶಾಸ್ತ್ರಜ್ಞರು, ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಹಲವು ವಸ್ತುಗಳನ್ನು ಬೇರ್ಪಡಿಸಿ 'ಎ', 'ಬಿ', 'ಇ' ಎಂದು ಹೆಸರಿಡುತ್ತಿದ್ದರು. ಸ್ವಿಟ್ಜರ್ಲೆಂಡಿನಲ್ಲಿ ಟಡೇಯುಸ್ ರೈಖ್‌ಸ್ಟೈನ್ ಇದೇ ಕಾರ್ಯದಲ್ಲಿ ತೊಡಗಿದ್ದರು. ಸಂಯುಕ್ತ 'ಇ'ಯನ್ನು ಪ್ರಯೋಗಿಸಿ ನೋಡಬೇಕೆಂದು ಹೆಂಚ್ ಮತ್ತು ಕೆಂಡಾಲ್ 1941ರಲ್ಲಿಯೇ ಮಾತನಾಡಿಕೊಂಡರೂ ರೋಗಿಗೆ ಕೊಡುವಷ್ಟು ಪ್ರಮಾಣದಲ್ಲಿ ಅದು ದೊರೆಯುತ್ತಿರಲಿಲ್ಲ. ಅಷ್ಟರಲ್ಲಿ ಎರಡನೆಯ ಮಹಾಯುದ್ಧ. ಜರ್ಮನ್ ವಿಮಾನ ಚಾಲಕರಿಗೆ ಅಡ್ರಿನಲ್ ಸಾರವನ್ನು ಕೊಟ್ಟು ಬಹಳ ಎತ್ತರದಲ್ಲಿ ಹಾರಿಸುತ್ತಿದ್ದಾರೆಂಬ ಗಾಳಿಸುದ್ದಿ ಹಬ್ಬಿತು. ಸುದ್ದಿ ಸುಳ್ಳಾಗಿದ್ದರೂ ಅದರಿಂದ ಅಮೆರಿಕ ಸರ್ಕಾರ ಈ ಸಂಶೋಧನೆಗೆ ಬೆಂಬಲ ನೀಡಿತು. ಮೆರ್ಕ್ ಕಂಪನಿಯ ಯುವ ರಸಾಯನಶಾಸ್ತ್ರಜ್ಞ ಲೂಯಿಸ್ ಸ್ಯಾರೆಟ್, ದನದ ಪಿತ್ತರಸದಿಂದ ದೊರೆಯುವ ಆಮ್ಲವೊಂದರಿಂದ ಹೊರಟು, ಮೂವತ್ತಕ್ಕೂ ಹೆಚ್ಚು ಹಂತಗಳ ಕ್ರಿಯೆಯಲ್ಲಿ ಸಂಯುಕ್ತ 'ಇ'ಯನ್ನು 1944ರಲ್ಲಿ ತಯಾರಿಸಿದರು.

1948ರ ಸೆಪ್ಟೆಂಬರ್ 21ರಂದು ಹೆಂಚ್ ಅವರ ತಂಡ, ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಯೊಬ್ಬಳಿಗೆ ಮೊದಲ ಚುಚ್ಚುಮದ್ದು ನೀಡಿತು. ದಿನಕ್ಕೆ 100 ಮಿಲಿಗ್ರಾಂ. ಒಂದು ವಾರದೊಳಗೆ ಆಕೆ ನಡೆದುಕೊಂಡು ಪೇಟೆಗೆ ಹೋಗಿ ಸಾಮಾನು ಕೊಂಡು ಬಂದಳು. ಈ ವಸ್ತುವಿಗೆ 'ಕಾರ್ಟಿಸೋನ್' ಎಂಬ ಹೆಸರು ಬಂತು. 1950ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಪ್ರಶಸ್ತಿ. ಮೊದಮೊದಲು ಇದರ ಬೆಲೆ ಗ್ರಾಂಗೆ 200 ಡಾಲರ್‌ನಷ್ಟಿತ್ತು. ಮೆಕ್ಸಿಕೋದ ಕಾಡುಗೆಣಸಿನಿಂದ ಪಡೆದ ವಸ್ತುವನ್ನು ಬ್ರೆಡ್ಡಿನ ಮೇಲೆ ಬೆಳೆಯುವಂಥ ಒಂದು ಬೂಷ್ಟಿನ ನೆರವಿನಿಂದ ಮಾರ್ಪಡಿಸಬಹುದೆಂದು 1952ರಲ್ಲಿ ಪೀಟರ್ಸನ್ ಮತ್ತು ಮರ್ರಿ ತೋರಿಸಿದ ಬಳಿಕ ಬೆಲೆ ಹಲವು ಪಟ್ಟು ಇಳಿಯಿತು. 1955ರಲ್ಲಿ ಅದಕ್ಕಿಂತ ಪ್ರಬಲವಾದ ಪ್ರೆಡ್ನಿಸೋನ್ ಬಂತು. ನನ್ನ ಸೊಸೆ ದಿನವೂ ನುಂಗುವ ಮಾತ್ರೆ ಈ ವಂಶದ್ದೇ. ಆಸ್ಪತ್ರೆಯಲ್ಲಿ ಮೊದಲ ಕೆಲವು ದಿನ ರಕ್ತನಾಳದ ಮೂಲಕ ಕೊಟ್ಟ ಮೀಥೈಲ್‌ಪ್ರೆಡ್ನಿಸೊಲೋನ್ ಕೂಡ ಇದೇ ವಂಶದ್ದು. ಇದು ದೇಹದ ಮಾಂಸಖಂಡ ಬೆಳೆಸಲು ಕೆಲವು ಕ್ರೀಡಾಪಟುಗಳು ಕದ್ದು ಬಳಸುವ ಸ್ಟೀರಾಯ್ಡ್ ಅಲ್ಲ. ಹೆಸರು ಒಂದಾದರೂ ಗುಣ ಬೇರೆ.

ರಕ್ತನಾಳಗಳ ಉರಿಯೂತಕ್ಕೆ ಕಾರ್ಟಿಸೋನ್ ಬಳಸಿದ ಫಲಿತಾಂಶಗಳನ್ನು ಮೇಯೋ ಕ್ಲಿನಿಕ್‌ನವರು 1950ರಲ್ಲಿಯೇ ವರದಿ ಮಾಡಿದರು. ಅದೇ ಸಂಸ್ಥೆಯ ಫ್ರೋನರ್ಟ್ ಮತ್ತು ಶೆಪ್ಸ್ 1967ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಕುಸ್‌ಮೌಲ್ ಹೆಸರಿಟ್ಟ ಆ ರೋಗದಲ್ಲಿ, ಚಿಕಿತ್ಸೆಯಿಲ್ಲದವರ ಪೈಕಿ ಐದು ವರ್ಷ ಬದುಕಿದವರು ಶೇಕಡಾ 13; ಸ್ಟೀರಾಯ್ಡ್ ಪಡೆದವರ ಪೈಕಿ ಶೇಕಡಾ 48.

ಸ್ಟೀರಾಯ್ಡ್‌ನ ಕೆಡುಕುಗಳನ್ನು ಯಾರೂ ಮುಚ್ಚಿಡಲಿಲ್ಲ. ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು, ಮನಸ್ಸು ಏರುಪೇರಾಗುವುದು ಇವೆಲ್ಲ ಮೊದಲ ಕೆಲವು ವರ್ಷಗಳಲ್ಲಿಯೇ ಕಂಡುಬಂದವು. 1952ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಮತ್ತೊಂದು ಅಪಾಯ ವರದಿಯಾಯಿತು. ಬಹುಕಾಲ ಕಾರ್ಟಿಸೋನ್ ಪಡೆದಿದ್ದ 34 ವರ್ಷದ ವ್ಯಕ್ತಿಯೊಬ್ಬನು ಶಸ್ತ್ರಚಿಕಿತ್ಸೆಯ ಬಳಿಕ ರಕ್ತದೊತ್ತಡ ಕುಸಿದು ಮರಣಹೊಂದಿದನು. ಶವಪರೀಕ್ಷೆಯಲ್ಲಿ ಅವನ ಅಡ್ರಿನಲ್ ಗ್ರಂಥಿಗಳು ಸೊರಗಿಹೋಗಿದ್ದವು. ಕಾರಣ ಸರಳ. ಹೊರಗಿನಿಂದ ದಿನವೂ ಬರುವ ವಸ್ತುವನ್ನು ದೇಹವು ತಾನಾಗಿ ತಯಾರಿಸುವುದನ್ನು ಬಿಟ್ಟುಬಿಡುತ್ತದೆ. ಹೊರಗಿನ ಪೂರೈಕೆ ಥಟ್ಟನೆ ನಿಂತರೆ ಅಥವಾ ದೇಹಕ್ಕೆ ಹೆಚ್ಚಿನ ಅಗತ್ಯ ಬಿದ್ದರೆ ಒಳಗಿನ ಉಗ್ರಾಣ ಬರಿದಾಗಿರುತ್ತದೆ. ಆದುದರಿಂದ ಮಾತ್ರೆಯ ಪ್ರಮಾಣವನ್ನು ವಾರದಿಂದ ವಾರಕ್ಕೆ, ತಿಂಗಳಿನಿಂದ ತಿಂಗಳಿಗೆ ಮೆಲ್ಲಮೆಲ್ಲನೆ ಇಳಿಸುತ್ತ ಬರಬೇಕು. "ಮಾತ್ರೆ ನಿಲ್ಲಿಸಿಬಿಡಿ" ಎನ್ನುವ ಹಿರಿಯರು ದಯವಿಟ್ಟು ಈ ಒಂದು ಸಂಗತಿಯನ್ನು ಗಮನಿಸಬೇಕು.

ಎರಡನೆಯ ಪ್ರಶ್ನೆ: ಕ್ಯಾನ್ಸರ್ ಔಷಧಿ ಏಕೆ?

ಈ ಔಷಧದ ಕಥೆ ಆರಂಭವಾಗುವುದು ಯುದ್ಧಭೂಮಿಯಲ್ಲಿ. ಮೊದಲನೆಯ ಮಹಾಯುದ್ಧದಲ್ಲಿ, 1917ರ ಜುಲೈ ತಿಂಗಳಿನಲ್ಲಿ, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೈನ್ಯವು ಸಾಸಿವೆ ಅನಿಲವನ್ನು ಮೊದಲ ಬಾರಿಗೆ ಪ್ರಯೋಗಿಸಿತು. ಚರ್ಮ, ಕಣ್ಣು, ಶ್ವಾಸಕೋಶಗಳನ್ನು ಸುಡುವ ಈ ವಿಷವು ಬಿಳಿ ರಕ್ತಕಣಗಳನ್ನೂ ಇಳಿಸುತ್ತದೆಂದು 1919ರಲ್ಲಿ ಎಡ್ವರ್ಡ್ ಕ್ರುಂಭಾರ್ ಬರೆದರು. 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಗುಡ್‌ಮನ್ ಮತ್ತು ಆಲ್‌ಫ್ರೆಡ್ ಗಿಲ್‌ಮನ್, ಸಾಸಿವೆ ಅನಿಲದ ಸೋದರ ವಸ್ತುವಾದ ನೈಟ್ರೋಜನ್ ಮಸ್ಟರ್ಡನ್ನು ಬಿಳಿಕಣಗಳ ಕ್ಯಾನ್ಸರ್ ಇದ್ದ ರೋಗಿಯೊಬ್ಬನಿಗೆ ಗುಪ್ತವಾಗಿ ನೀಡಿ ನೋಡಿದರು. ಯುದ್ಧದ ರಹಸ್ಯವಾದ್ದರಿಂದ ಫಲಿತಾಂಶ ಪ್ರಕಟವಾದದ್ದು 1946ರಲ್ಲಿ.

ನಡುವೆ 1943ರ ಡಿಸೆಂಬರ್ 2ರಂದು ಇಟಲಿಯ ಬಾರಿ ಬಂದರಿನ ಮೇಲೆ ಜರ್ಮನ್ ವಿಮಾನಗಳು ದಾಳಿ ಮಾಡಿದವು. ಅಲ್ಲಿ ನಿಂತಿದ್ದ 'ಜಾನ್ ಹಾರ್ವಿ' ಎಂಬ ಅಮೆರಿಕನ್ ಹಡಗಿನಲ್ಲಿ ಸಾಸಿವೆ ಅನಿಲದ ಬಾಂಬುಗಳಿದ್ದವು. ಈ ಗುಟ್ಟು ಗೊತ್ತಿದ್ದವರು ತೀರ ಕೆಲವರು. ಆರುನೂರಕ್ಕೂ ಹೆಚ್ಚು ಮಂದಿ ವಿಷಕ್ಕೆ ಸಿಕ್ಕಿ ಆಸ್ಪತ್ರೆ ಸೇರಿದರು. 83 ಮಂದಿ ಆಸ್ಪತ್ರೆಯಲ್ಲಿ ಅಸುನೀಗಿದರು. ತನಿಖೆಗೆ ಬಂದ ಸ್ಟೀವರ್ಟ್ ಅಲೆಕ್ಸಾಂಡರ್ ಎಂಬ ಸೇನಾ ವೈದ್ಯರು, ಅವರ ಬಿಳಿಕಣಗಳು ನೆಲಕಚ್ಚಿರುವುದನ್ನು ದಾಖಲಿಸಿದರು. ಕೊಲ್ಲುವುದಕ್ಕಾಗಿ ತಯಾರಾದ ವಸ್ತುವಿನೊಳಗೆ, ಹದ್ದುಮೀರಿದ ಬಿಳಿಕಣಗಳನ್ನು ಹತ್ತಿಕ್ಕುವ ಶಕ್ತಿಯೂ ಇತ್ತು.

ಈ ಶಕ್ತಿಯನ್ನು ಪಳಗಿಸಿದವರು ಪಶ್ಚಿಮ ಜರ್ಮನಿಯ ಆಸ್ಟಾ ಕಂಪನಿಯ ನೊರ್ಬರ್ಟ್ ಬ್ರೋಕ್ ಮತ್ತು ಸಂಗಡಿಗರು. 1958ರಲ್ಲಿ ಅವರು ವರದಿ ಮಾಡಿದ ಸೈಕ್ಲೋಫಾಸ್ಫಮೈಡ್, ಯಕೃತ್ತಿನಲ್ಲಿ ಮಾರ್ಪಾಡು ಹೊಂದಿದ ಬಳಿಕವೇ ಕೆಲಸಕ್ಕೆ ತೊಡಗುವ ನೈಟ್ರೋಜನ್ ಮಸ್ಟರ್ಡ್ ವರ್ಗದ ಔಷಧ. ಅದು ಮೊದಲು ಬಳಕೆಗೆ ಬಂದದ್ದು ಕ್ಯಾನ್ಸರಿಗೆ.

ಅಲ್ಲಿಂದ ರಕ್ತನಾಳಗಳ ರೋಗಕ್ಕೆ ಅದನ್ನು ವ್ಯವಸ್ಥಿತವಾಗಿ ತಂದವರಲ್ಲಿ ಪ್ರಮುಖರಾದ ಇಬ್ಬರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಶೆಲ್ಡನ್ ವುಲ್ಫ್ ಮತ್ತು ಅವರ ಕಿರಿಯ ಸಹೋದ್ಯೋಗಿ ಆಂಟನಿ ಫೌಚಿ. ಹೌದು, 2020ರ ಕೊರೊನಾ ಕಾಲದಲ್ಲಿ ನಾವೆಲ್ಲ ದೂರದರ್ಶನದಲ್ಲಿ ಕಂಡ ಅದೇ ಫೌಚಿ. ಅದೇ ಕಟ್ಟಡದಲ್ಲಿ ಕ್ಯಾನ್ಸರ್ ವೈದ್ಯರು ಇಂತಹ ಔಷಧಗಳನ್ನು ಭಾರಿ ಪ್ರಮಾಣದಲ್ಲಿ ಬಳಸುತ್ತಿದ್ದರು. ಅದರಿಂದ ರೋಗಿಗಳ ರಕ್ಷಣಾಶಕ್ತಿ ಕುಗ್ಗಿ ಸೋಂಕು ತಗಲುತ್ತಿತ್ತು. ಆ ಸೋಂಕುಗಳನ್ನು ನೋಡಲು ಹೋಗುತ್ತಿದ್ದ ಫೌಚಿಯವರಿಗೆ ಹೊಳೆದ ವಿಚಾರ ಇದು: ರಕ್ಷಣಾಶಕ್ತಿಯ ಅತಿರೇಕವೇ ರೋಗವಾಗಿರುವಲ್ಲಿ, ಇದೇ ಔಷಧವನ್ನು ಸಣ್ಣ ಪ್ರಮಾಣದಲ್ಲಿ ಏಕೆ ಕೊಡಬಾರದು?

ಅವರು ಆರಿಸಿಕೊಂಡದ್ದು ಅಂದು 'ವೆಗೆನರ್ ರೋಗ' ಎನ್ನಿಸಿಕೊಂಡಿದ್ದ ರಕ್ತನಾಳಗಳ ಉರಿಯೂತ. 1958ರ ಒಂದು ಸಮೀಕ್ಷೆಯ ಪ್ರಕಾರ ಚಿಕಿತ್ಸೆಯಿಲ್ಲದ ರೋಗಿಗಳು ಬದುಕುತ್ತಿದ್ದುದು ಸರಾಸರಿ ಐದು ತಿಂಗಳು. ಒಂದು ವರ್ಷದೊಳಗೆ ಶೇಕಡಾ 82 ಮಂದಿ ಸಾಯುತ್ತಿದ್ದರು. ಸೈಕ್ಲೋಫಾಸ್ಫಮೈಡ್ ಮತ್ತು ಪ್ರೆಡ್ನಿಸೋನ್ ಜೊತೆಯಾಗಿ ಕೊಟ್ಟ 85 ರೋಗಿಗಳ ವರದಿಯನ್ನು ಫೌಚಿ ತಂಡ 1983ರಲ್ಲಿ ಪ್ರಕಟಿಸಿದಾಗ, ಶೇಕಡಾ 93 ಮಂದಿಯಲ್ಲಿ ರೋಗ ಪೂರ್ತಿಯಾಗಿ ಅಡಗಿತ್ತು. (ಫ್ರೆಡ್ರಿಕ್ ವೆಗೆನರ್ ನಾಜಿ ಪಕ್ಷದ ಸದಸ್ಯನಾಗಿದ್ದುದು 2006ರಲ್ಲಿ ಬಹಿರಂಗವಾದ ಬಳಿಕ, 2011ರಲ್ಲಿ ವೈದ್ಯ ಸಂಘಟನೆಗಳು ಆ ರೋಗದ ಹೆಸರನ್ನೇ ಬದಲಾಯಿಸಿದವು.)

ಬೆನ್ನುಹುರಿಗೆ ತಲುಪಿದ ಚಿಕಿತ್ಸೆ

ಮಿದುಳು ಮತ್ತು ಬೆನ್ನುಹುರಿಯ ನಾಳಗಳಿಗೆ ಮಾತ್ರ ಸೀಮಿತವಾದ ಉರಿಯೂತವನ್ನು 1959ರಲ್ಲಿ ಕ್ರವಿಯೋಟೋ ಮತ್ತು ಫೈಗಿನ್ ಪ್ರತ್ಯೇಕ ರೋಗವೆಂದು ವಿವರಿಸಿದರು. ಆ ಕಾಲದಲ್ಲಿ ಅದು ಹೆಚ್ಚಾಗಿ ಪತ್ತೆಯಾಗುತ್ತಿದ್ದುದು ಶವಪರೀಕ್ಷೆಯಲ್ಲಿಯೇ. 1983ರಲ್ಲಿ ಕಪ್ಸ್, ಮೂರ್ ಮತ್ತು ಫೌಚಿ, ಇಂತಹ ಕೆಲವೇ ರೋಗಿಗಳಿಗೆ ಅದೇ ಎರಡು ಔಷಧಗಳನ್ನು ಕೊಟ್ಟು ಉಳಿಸಿಕೊಂಡ ವರದಿಯನ್ನು ಪ್ರಕಟಿಸಿದರು. ಸೋದರ ರೋಗದಲ್ಲಿ ಗೆದ್ದ ಮದ್ದನ್ನು ಇಲ್ಲಿಗೆ ಎರವಲು ತಂದಂತಾಯಿತು. ಅದೇ ದಶಕದಲ್ಲಿ ಎಂ.ಆರ್.ಐ. ಯಂತ್ರಗಳು ಆಸ್ಪತ್ರೆಗಳಿಗೆ ಬಂದು, ಶಸ್ತ್ರವಿಲ್ಲದೆ ಬೆನ್ನುಹುರಿಯ ಒಳಗನ್ನು ನೋಡುವುದು ಸಾಧ್ಯವಾಯಿತು.

ಈ ರೋಗ ಅದೆಷ್ಟು ವಿರಳವೆಂಬುದಕ್ಕೆ ಒಂದು ಲೆಕ್ಕ ಸಾಕು. ಅಮೆರಿಕದ ಓಮ್‌ಸ್ಟೆಡ್ ಜಿಲ್ಲೆಯ ದಾಖಲೆಗಳ ಪ್ರಕಾರ ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ 2.4 ಮಂದಿಗೆ ಮಾತ್ರ ಇದು ಬರುತ್ತದೆ. ಮೇಯೋ ಕ್ಲಿನಿಕ್‌ನ ಇಂತಹ 101 ರೋಗಿಗಳಲ್ಲಿ ಬೆನ್ನುಹುರಿಗೆ ತೊಂದರೆಯಾದವರು ಐವರೇ ಎಂದು 2008ರ ವರದಿ ಹೇಳುತ್ತದೆ. ಇಷ್ಟು ಅಪರೂಪವಾದ್ದರಿಂದ, "ನಮ್ಮ ಊರಿನಲ್ಲಿ ಇಂಥವರಿಗೆ ಇಂತಹ ಮದ್ದಿನಿಂದ ವಾಸಿಯಾಯಿತು" ಎಂಬ ಹೋಲಿಕೆಗಳು ಇಲ್ಲಿ ಬಹುಮಟ್ಟಿಗೆ ಸಲ್ಲುವುದಿಲ್ಲ. ಕಾಲು ಬಿದ್ದುಹೋಗುವುದಕ್ಕೆ ಕಾರಣಗಳು ಹಲವು.

ಸೈಕ್ಲೋಫಾಸ್ಫಮೈಡ್‌ಗೂ ತನ್ನದೇ ಆದ ಅಪಾಯಗಳಿವೆ. ಸೋಂಕು ತಗಲಬಹುದು, ಮೂತ್ರಕೋಶ ಗಾಯಗೊಳ್ಳಬಹುದು, ಮುಂದೆ ಸಂತಾನಕ್ಕೂ ತೊಂದರೆಯಾಗಬಹುದು. ವೆಗೆನರ್ ರೋಗದ 158 ಮಂದಿಯ ವಿವರಗಳನ್ನು ರಾಷ್ಟ್ರೀಯ ಆರೋಗ್ಯ ಸಂಸ್ಥೆ 1992ರಲ್ಲಿ ಪ್ರಕಟಿಸಿತು. ಶೇಕಡಾ 91 ಮಂದಿಗೆ ಒಳ್ಳೆಯ ಗುಣ ಕಂಡಿತ್ತು. ಆದರೆ ಗುಣವಾದವರಲ್ಲಿ ಅರ್ಧದಷ್ಟು ಮಂದಿಗೆ ರೋಗ ಮರುಕಳಿಸಿತ್ತು, ಹಲವರು ಔಷಧದಿಂದಲೇ ತೊಂದರೆಪಟ್ಟಿದ್ದರು. ಆ ಬಳಿಕದ ಸಂಶೋಧನೆಯೆಲ್ಲ ಈ ಔಷಧವನ್ನು ಆದಷ್ಟು ಕಡಿಮೆ ಕಾಲ ಬಳಸುವುದು ಹೇಗೆ ಎಂಬ ದಿಕ್ಕಿನಲ್ಲಿಯೇ ನಡೆಯಿತು. ಕೆಲವು ತಿಂಗಳ ಬಳಿಕ ಅದನ್ನು ನಿಲ್ಲಿಸಿ ಸೌಮ್ಯವಾದ ಅಜಥಯೋಪ್ರಿನ್ ಮುಂದುವರಿಸಬಹುದೆಂದು 2003ರಲ್ಲಿ ಪ್ರಕಟವಾದ ಯೂರೋಪಿನ ಅಧ್ಯಯನ ತೋರಿಸಿತು. 2010ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು, ಆ ವರ್ಗದ ರೋಗಗಳಲ್ಲಿ ರಿಟುಕ್ಸಿಮ್ಯಾಬ್ ಕೂಡ ಅಷ್ಟೇ ಫಲಕಾರಿಯೆಂದು ತಿಳಿಸಿದವು. ಔಷಧ ಕೊಡುವ ದಿನ ನೀರು ಹೆಚ್ಚು ಕುಡಿಸುವುದು, ಆಗಾಗ ರಕ್ತಪರೀಕ್ಷೆ ಮಾಡಿಸುವುದು ಈ ಅನುಭವಗಳಿಂದಲೇ ಹುಟ್ಟಿದ ನಿಯಮಗಳು. "ಎಷ್ಟು ಸಲ ರಕ್ತ ತೆಗೆಯುತ್ತಾರೋ!" ಎಂದು ಬೇಸರಪಡುವುದು ಸಹಜ. ಬಿಳಿಕಣಗಳು ಅಗತ್ಯಕ್ಕಿಂತ ಕೆಳಗಿಳಿದಿಲ್ಲವೆಂದು ಖಚಿತಪಡಿಸಿಕೊಳ್ಳಲು ಬೇರೆ ದಾರಿಯಿಲ್ಲ.

ಈ ಚರಿತ್ರೆ ಹೇಳುವುದೇನು?

ತರಗತಿಯಲ್ಲಿ ಮಹಾಯುದ್ಧಗಳ ಪಾಠ ಮಾಡುವಾಗ ಸಾವಿನ ಲೆಕ್ಕವನ್ನೇ ನಾವು ಹೆಚ್ಚಾಗಿ ಓದಿದೆವು. ಅದೇ ಯುದ್ಧಗಳ ವಿಷಾನಿಲ, ಅದೇ ಯುದ್ಧಗಳ ಗಾಳಿಸುದ್ದಿ, ದನದ ಪಿತ್ತ, ಕಾಡುಗೆಣಸು, ಬೂಷ್ಟು ಇವೆಲ್ಲ ಸೇರಿ ಎರಡು ಔಷಧಗಳಾಗಿ ನಮ್ಮ ಮನೆಯ ಮಗಳ ಕಾಲಿಗೆ ಬಲ ತಂದಿವೆ. ಅವುಗಳ ಗುಣ ಮತ್ತು ದೋಷ ಎರಡೂ ಬಹುಮಟ್ಟಿಗೆ ಒಟ್ಟೊಟ್ಟಿಗೆ ಪತ್ತೆಯಾದವು. ಆದುದರಿಂದ ಔಷಧದ ಭಯ ತಪ್ಪಲ್ಲ. ಆದರೆ ಆ ಭಯವನ್ನು ನಮಗಿಂತ ಮೊದಲೇ ಪಟ್ಟು, ಲೆಕ್ಕ ಹಾಕಿ, ಪ್ರಮಾಣವನ್ನೂ ಅವಧಿಯನ್ನೂ ಗೊತ್ತುಪಡಿಸಿದವರಿದ್ದಾರೆ ಎಂಬುದನ್ನು ಮರೆಯಬಾರದು.

ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಸಂದೇಹಗಳಿದ್ದರೆ ಬರೆದಿಟ್ಟುಕೊಂಡು ಮುಂದಿನ ಭೇಟಿಯಲ್ಲಿ ವೈದ್ಯರನ್ನೇ ಕೇಳೋಣ. ಮಾತ್ರೆಯನ್ನು ಏರಿಸುವುದಾಗಲಿ ಇಳಿಸುವುದಾಗಲಿ ಅವರ ಮಾತಿಲ್ಲದೆ ಬೇಡ. ಜ್ವರ ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ತಿಳಿಸೋಣ. ಅವಳ ಮುಖದ ಊತದ ಬಗ್ಗೆ ಅವಳೆದುರಿಗೆ ಮಾತನಾಡದಿರೋಣ. ಪ್ರಮಾಣ ಇಳಿದಂತೆ ಅದೂ ಇಳಿಯುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಾಗಿರುವವರು ಹಲವರಿದ್ದೀರಿ. ಈ ಬರಹದಲ್ಲಿ ಸೇರಿಸಬೇಕಾದ ಮಾತುಗಳಿದ್ದರೆ ದಯಮಾಡಿ ಬರೆದು ತಿಳಿಸಿ, ಎಲ್ಲರಿಗೂ ಉಪಯೋಗವಾಗುತ್ತದೆ.

ಎಲ್ಲರಿಗೂ ಆರೋಗ್ಯ ಲಭಿಸಲಿ ಎಂದು ಹಾರೈಸುವ,

ನಿಮ್ಮ ಮೇಷ್ಟ್ರು